ಒಂದೇ ನುಡಿಗೆ ಹಲವು ಸಂಕೇತ

ಬಂದರಿನ ಕೆಲಸವನ್ನರಸಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ಗೋವೆಯ ಸಡಾದಲ್ಲಿ ಅನೇಕ. ಅಂಥದೊಂದು ಮನೆಯ ಅಜ್ಜಿ ಹೇಳಿದ ಬೀಸುವ ಪದಗಳನ್ನು 2003ರಲ್ಲಿ ನಾನು ಬರೆದುಕೊಂಡಿದ್ದೆ. ಗಣಕದಲ್ಲಿ ಬೆರಳಚ್ಚಿಸಿ ಮುಗಿಸಿದಾಗ, ಇನ್ನು ಇವಕ್ಕೆ ಅಳಿವಿಲ್ಲವೆಂದು ನಂಬಿದೆ. ಮೂಲ ಟಿಪ್ಪಣಿ ಪುಸ್ತಕ ಕಡಲ ತೇವಕ್ಕೆ ಬೂಸಲು ಹಿಡಿದು ಹಾಳಾಯಿತು. ಅಜ್ಜಿಯೂ ಈಗಿಲ್ಲ.

ಕಳೆದ ತಿಂಗಳು ಆ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣದು. ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಷ್ಟೆ. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ನಾವು ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳನ್ನೇ ನೆಚ್ಚಿದ್ದೆವು. ಅವುಗಳಲ್ಲಿ ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಭಾಗಗಳನ್ನು ಕೂರಿಸಿದ್ದರು. ಎಲ್ಲವೂ ಒಂದೇ ಕ್ರಮವನ್ನು ಪಾಲಿಸಲೂ ಇಲ್ಲ. ಫಾಂಟ್ ಇಲ್ಲದೆಡೆ ಕನ್ನಡವೂ ಇಲ್ಲ.

ತಂತ್ರಾಂಶ ಬರೆಯುವ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ, "ಜಾವಾಸ್ಕ್ರಿಪ್ಟಿನಲ್ಲಿ ನಮ್ಮ ಪಾಡೂ ಇದೇ, ಸರ್" ಎಂದ. ಬರೆದ ಕಾರ್ಯಭಾಗಗಳನ್ನು ಒಂದಕ್ಕೊಂದು ಜೋಡಿಸುವ ಮಾಡ್ಯೂಲ್ ವ್ಯವಸ್ಥೆ ಆ ಭಾಷೆಗೆ ಮೊದಲು ಇರಲಿಲ್ಲವಂತೆ. 2009ರಲ್ಲಿ ಕಾಮನ್‌ಜೆಎಸ್ ಎಂಬ ಪದ್ಧತಿ ಹುಟ್ಟಿ ಹಬ್ಬಿತು. ಭಾಷೆಯ ಅಧಿಕೃತ ಪದ್ಧತಿ ಬಂದದ್ದು 2015ರಲ್ಲಿ. ಅಷ್ಟರಲ್ಲಿ ಹಳೆಯದರಲ್ಲಿ ಅಪಾರ ಬರವಣಿಗೆ ನಡೆದುಹೋಗಿತ್ತು. ಒಂದು 'ರಿಕ್ವೈರ್' ಎಂದು ಕರೆದರೆ ಇನ್ನೊಂದು 'ಇಂಪೋರ್ಟ್' ಎನ್ನುತ್ತದೆ. ಎರಡು ಬಳಗಗಳಿಗೂ ಸಲ್ಲಬೇಕೆಂದರೆ ಬಹುಕಾಲ ಒಂದೇ ಕೆಲಸಕ್ಕೆ ಹಲವೊಮ್ಮೆ ಎರಡು ಪ್ರತಿ ಸಿದ್ಧಪಡಿಸಬೇಕಾಗುತ್ತಿತ್ತು. ಎರಡೂ ಪದ್ಧತಿಗಳು ತಮ್ಮಷ್ಟಕ್ಕೆ ಸರಿ. ಪಾಡು ನಡುವೆ ನಿಂತವನದು.

ಅವನೇ ಒಂದು ಪರಿವರ್ತಕವನ್ನು ಹುಡುಕಿಕೊಟ್ಟ. ಪದಗಳು ಮರಳಿದವು. ಆದರೆ ಅಲ್ಲಲ್ಲಿ ಅರ್ಕಾವತ್ತು ಸ್ಥಾನ ತಪ್ಪಿತ್ತು, ಒತ್ತಕ್ಷರ ಮಾಯವಾಗಿತ್ತು. ಪರಿಚಿತ ಶಬ್ದಗಳನ್ನು ತಿದ್ದಿದೆ. ಒಂದು ಶಬ್ದದ ಮುಂದೆ ಮಾತ್ರ ಕೈ ನಿಂತಿತು: ಒತ್ತನ್ನು ಪರಿವರ್ತಕ ನುಂಗಿತೋ, ಅಜ್ಜಿಯೇ ಹಾಗೆ ಉಚ್ಚರಿಸಿದ್ದಳೋ? ಆಕೆಯ ಊರಿನ ಆಡುಮಾತು ಅದು. ನಿಘಂಟು ತೀರ್ಪು ಕೊಡದು.

ಶಾಲೆಯಲ್ಲಿ ನಾನು ಮರಾಠಿ, ಕನ್ನಡಗಳೆರಡನ್ನೂ ಓದಿದವನು. ಎರಡು ಲಿಪಿಗಳು ಎಂದೂ ಹೊರೆಯೆನಿಸಲಿಲ್ಲ. ಒಂದೊಂದೂ ಒಂದೊಂದು ಲೋಕವನ್ನು ತೆರೆಯಿತು. ಒಂದೇ ನುಡಿಗೆ ಹಲವು ಸಂಕೇತಗಳಾದಾಗ ಹೊಸ ಲೋಕವೇನೂ ತೆರೆಯಲಿಲ್ಲ, ಇದ್ದ ಬಾಗಿಲಿಗೆ ಬೀಗ ಹೆಚ್ಚಿದವು.

ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಯೂನಿಕೋಡಿನಲ್ಲಿಯೇ ಬರೆಯಿರಿ, ಹಾಡಿದವರ ದನಿಯನ್ನೂ ಮುದ್ರಿಸಿ ಕಾಪಿಡಿ. ಆ ಶಬ್ದದ ಪಕ್ಕದಲ್ಲಿ ನಾನು ಪ್ರಶ್ನೆಚಿಹ್ನೆ ಹಾಕಿದ್ದೇನೆ. ಅದನ್ನು ಅಳಿಸಬಲ್ಲವರು ಈಗ ಯಾರೂ ಇಲ್ಲ.