ತುಂಬದೆ ಬಿಟ್ಟ ಜಾಗ

ಇಟಲಿಗೆ ಹೋಗಿಬಂದವನನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಅಲ್ಲಿ ಊಟಕ್ಕೇನು ಮಾಡಿದಿರಿ, ಮತ್ತು ಮೈಕೆಲೇಂಜಲೊ ಕಡೆದ ಡೇವಿಡನನ್ನು ನೋಡಿದಿರೋ ಇಲ್ಲವೋ. ಊಟಕ್ಕೆ ತೊಂದರೆಯಾಗಲಿಲ್ಲ. ನನ್ನ ಅಕ್ಕನ ಮಗ ಬೊಲೋನ್ಯ ನಗರದ ಹತ್ತಿರ ಎಂಜಿನಿಯರಾಗಿದ್ದಾನೆ. ಅವನ ಮನೆಯಲ್ಲಿ ಸಾರು ಅನ್ನಕ್ಕೆ ಕೊರತೆಯಿಲ್ಲ. ಡೇವಿಡನನ್ನೂ ನೋಡಿದ್ದಾಯಿತು. 1504ರಲ್ಲಿ ಮುಗಿದ, ಐದು ಮೀಟರಿಗೂ ಮಿಕ್ಕಿದ ಎತ್ತರದ ಆ ಅಮೃತಶಿಲೆಯ ತರುಣನನ್ನು ನನ್ನೊಡನೆ ಇನ್ನೂ ನೂರಾರು ಮಂದಿ ತಲೆಯೆತ್ತಿ ನೋಡುತ್ತಿದ್ದರು. ಅವನನ್ನು ಕುರಿತು ಹೇಳಬಲ್ಲವರು ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದೆ. ನಾನು ಹೇಳಹೊರಟಿರುವುದು ಅದೇ ಊರಿನಲ್ಲಿರುವ, ಅರ್ಧಕ್ಕಿಂತ ಹೆಚ್ಚು ಅಳಿದುಹೋದ ಒಂದು ಚಿತ್ರದ ವಿಷಯ.

ಬೊಲೋನ್ಯದಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ಪ್ರಯಾಣವೂ ಇಲ್ಲ. ದಾರಿಯ ಬಹುಭಾಗ ಸುರಂಗ. ಆದ್ದರಿಂದ ಅಪೆನ್ನೈನ್ ಪರ್ವತಗಳನ್ನು ದಾಟಿದೆನೆಂದು ಹೇಳಬಲ್ಲೆ; ಕಂಡೆನೆಂದು ಹೇಳಲಾರೆ. ಕತ್ತಲೆಯಿಂದ ಹೊರಬಂದರೆ ಕೆಂಪು ಹೆಂಚಿನ ಊರು, ಅದರ ನಡುವೆ ಬ್ರೂನೆಲೆಸ್ಕಿ ಕಟ್ಟಿದ ದೊಡ್ಡ ಗುಮ್ಮಟ, ಊರನ್ನು ಸೀಳಿಕೊಂಡು ಹರಿಯುವ ಆರ್ನೊ ನದಿ. ನಾವು ಹೋದ ದಿನ ಆ ನದಿ ಎಷ್ಟು ಸಾಧುವಾಗಿತ್ತೆಂದರೆ, ಅದರಿಂದ ಯಾರಿಗಾದರೂ ಕೇಡಾದೀತೆಂದು ಆಣೆಯಿಟ್ಟು ಹೇಳಿದರೂ ನಂಬುವಂತಿರಲಿಲ್ಲ.

ನದಿಯ ಬಲದಂಡೆಗೆ ಸಮೀಪದಲ್ಲಿ, ಊರಿನ ತಗ್ಗುಪ್ರದೇಶದಲ್ಲಿ, ಸಾಂತಾ ಕ್ರೋಚೆ ಎಂಬ ಇಗರ್ಜಿಯಿದೆ. ಸಾಂತಾ ಕ್ರೋಚೆ ಎಂದರೆ ಪವಿತ್ರ ಶಿಲುಬೆ. ಸಂತ ಫ್ರಾನ್ಸಿಸನ ಅನುಯಾಯಿಗಳಿಗೆ ಸೇರಿದ್ದು. ಈಗಿನ ಕಟ್ಟಡವನ್ನು 13ನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದರು. ಮೈಕೆಲೇಂಜಲೊ, ಮೆಕಿಯಾವೆಲಿ, ಗೆಲಿಲಿಯೊ ಎಲ್ಲರೂ ಇಲ್ಲಿಯೇ ಮಲಗಿದ್ದಾರೆ. ಮಹಾಕವಿ ಡಾಂಟೆಗೂ ಇಲ್ಲೊಂದು ಭವ್ಯವಾದ ಸಮಾಧಿಯುಂಟು. ಒಳಗೆ ಡಾಂಟೆ ಮಾತ್ರ ಇಲ್ಲ. 1302ರಲ್ಲಿ ಅವನನ್ನು ಊರಿನಿಂದ ಹೊರಗೆ ಹಾಕಿದರು. ಅವನು 1321ರಲ್ಲಿ ರಾವೆನ್ನದಲ್ಲಿ ತೀರಿಕೊಂಡ. ಅಸ್ಥಿಯನ್ನು ಕೊಡಿರೆಂದು ಫ್ಲಾರೆನ್ಸಿನವರು ಆಮೇಲೆ ಕೇಳಿಕೊಂಡರೂ ರಾವೆನ್ನದವರು ಕೊಡಲಿಲ್ಲ. ಕಡೆಗೆ 19ನೆಯ ಶತಮಾನದಲ್ಲಿ ಬರಿದಾದ ಸಮಾಧಿಯನ್ನೇ ನಿಲ್ಲಿಸಿಕೊಂಡರು. ಕವಿಯನ್ನು ಓಡಿಸಿ ಕಲ್ಲನ್ನು ಪೂಜಿಸುವುದು ನಮ್ಮಲ್ಲಿ ಮಾತ್ರವೇ ಅಲ್ಲ ಎಂದು ಕನ್ನಡದ ಮೇಷ್ಟರೊಬ್ಬನಿಗೆ ಅಲ್ಲಿ ಸ್ವಲ್ಪ ಸಮಾಧಾನವಾದರೆ ವಾಚಕರು ತಪ್ಪು ತಿಳಿಯಬಾರದು.

ಈ ಇಗರ್ಜಿಗಾಗಿ 13ನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಿಮಾಬೂವೆ ಎಂಬ ಚಿತ್ರಗಾರ ದೊಡ್ಡದೊಂದು ಶಿಲುಬೆಯನ್ನು ಬರೆದುಕೊಟ್ಟ. ಮರದ ಹಲಗೆಗಳನ್ನು ಶಿಲುಬೆಯ ಆಕಾರಕ್ಕೆ ಜೋಡಿಸಿ, ಅದರ ಮೇಲೆ ಬಟ್ಟೆಯಂಟಿಸಿ, ಸುಣ್ಣದಂಥ ಗಾರೆ ಬಳಿದು, ಆಮೇಲೆ ಬಣ್ಣದಲ್ಲಿ ಕ್ರಿಸ್ತನನ್ನು ಮೂಡಿಸಿದ್ದು. ಎತ್ತರ ಸುಮಾರು ನಾಲ್ಕೂವರೆ ಮೀಟರು. ಚಿಮಾಬೂವೆಯ ಕೀರ್ತಿಯನ್ನು ಅವನಿಗಿಂತ ಕಿರಿಯನಾದ ಜಿಯೊಟ್ಟೊ ಮುಸುಕಿಬಿಟ್ಟನೆಂದು ಡಾಂಟೆಯೇ ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ಆದರೆ ಇಟಲಿಯ ಚಿತ್ರಕಲೆಯ ಚರಿತ್ರೆಯನ್ನು ಬರೆಯಹೊರಟ ವಾಸಾರಿ 1550ರಲ್ಲಿ ತನ್ನ ಗ್ರಂಥದ ಕಲಾವಿದರ ಸಾಲನ್ನು ಆರಂಭಿಸಿದ್ದು ಚಿಮಾಬೂವೆಯಿಂದಲೇ. ನಮ್ಮ ಕಾವ್ಯದ ಮಾತಿನಲ್ಲಿ ಹೇಳುವುದಾದರೆ ಇವನು ಆದಿಕವಿಯ ಸ್ಥಾನದಲ್ಲಿರುವವನು.

1966ರ ನವೆಂಬರ್ 4ರ ಬೆಳಗ್ಗೆ ಆರ್ನೊ ಉಕ್ಕಿತು. ಅಂದು ರಾಷ್ಟ್ರೀಯ ರಜಾದಿನ, ಅಂಗಡಿಗಳಿಗೆಲ್ಲ ಬೀಗ. ಹಳೆಯ ಸೇತುವೆಯ ಮೇಲಿನ ಚಿನಿವಾರರಿಗೆ ರಾತ್ರಿಯೇ ಕಾವಲುಗಾರರಿಂದ ಸುದ್ದಿ ಮುಟ್ಟಿತ್ತು. ಉಳಿದವರು ನೀರು ಬಾಗಿಲು ತಟ್ಟಿದ ಮೇಲೆ ಎದ್ದರು. ಚಳಿಗಾಲ ಹತ್ತಿರವಾದ್ದರಿಂದ ಮನೆ ಕಾಯಿಸುವ ಎಣ್ಣೆಯ ತೊಟ್ಟಿಗಳು ಆಗಷ್ಟೇ ತುಂಬಿದ್ದವು. ತೊಟ್ಟಿಗಳು ಒಡೆದು ಎಣ್ಣೆಯೂ ಕೆಸರೂ ಕಲೆತು ಕಪ್ಪು ಪ್ರವಾಹ ಬೀದಿಬೀದಿಗಳಲ್ಲಿ ಹರಿಯಿತು. ನಗರದಲ್ಲಿಯೂ ಸುತ್ತಣ ಸೀಮೆಯಲ್ಲಿಯೂ ಸೇರಿ 35 ಜನ ಸತ್ತರು. ಗಿಬೆರ್ತಿ ಎರಕಹೊಯ್ದ ‘ಸ್ವರ್ಗದ ಬಾಗಿಲಿ’ನ ಹತ್ತು ಫಲಕಗಳಲ್ಲಿ ಐದು ಕಿತ್ತುಬಂದವು. ಸಾಂತಾ ಕ್ರೋಚೆಯ ಪಕ್ಕದಲ್ಲೇ ಇರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು ಹತ್ತು ಲಕ್ಷ ಗ್ರಂಥಗಳೂ ಕಾಗದಪತ್ರಗಳೂ ನೀರಿನಲ್ಲಿ ಮುಳುಗಿದವು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು, ಕೈಯಿಂದ ಕೈಗೆ ಆ ಕೆಸರಿನ ಹೊತ್ತಗೆಗಳನ್ನು ದಾಟಿಸಿದರು. ಅವರನ್ನು ‘ಕೆಸರಿನ ದೇವದೂತರು’ ಎಂದು ಊರು ಇಂದಿಗೂ ನೆನೆಯುತ್ತದೆ.

ಚಿಮಾಬೂವೆಯ ಶಿಲುಬೆ ಆಗ ಇಗರ್ಜಿಗೆ ಸೇರಿದ ಊಟದ ಮನೆಯಲ್ಲಿತ್ತು. ನೀರು ಅಲ್ಲಿ ಕ್ರಿಸ್ತನ ತಲೆಯವರೆಗೂ ಏರಿತು. ಹಲಗೆ ನೀರು ಕುಡಿದು ಹಿಗ್ಗಿತು. ಬಣ್ಣ ಹಿಗ್ಗಲಾರದೆ ಎದ್ದಿತು. ನೀರು ಇಳಿದಾಗ ನೂರರಲ್ಲಿ ಸುಮಾರು ಅರವತ್ತು ಪಾಲು ಬಣ್ಣ ಹೋಗಿತ್ತು. ಮುಖದ ದೊಡ್ಡ ಭಾಗ, ಎದೆ, ಸೊಂಟದ ಪಾರದರ್ಶಕವಾದ ವಸ್ತ್ರ ಎಲ್ಲದರಲ್ಲೂ ಬೋಳು ತೇಪೆಗಳು. ಏಳು ಶತಮಾನ ಬಾಳಿದ್ದು ಒಂದು ದಿನದಲ್ಲಿ ಹಾಗಾಯಿತು.

ಆಮೇಲೆ ಹತ್ತು ವರ್ಷ ಅದಕ್ಕೆ ಶುಶ್ರೂಷೆ ನಡೆಯಿತು. ಉಳಿದ ಬಣ್ಣವನ್ನು ಬಟ್ಟೆಯೊಡನೆ ಹಲಗೆಯಿಂದ ಬಿಡಿಸಿ, ಮರವನ್ನು ಒಣಗಿಸಿ, ಮತ್ತೆ ಕೂಡಿಸಿದರು. ಉಳಿದದ್ದು ಒಂದೇ ಪ್ರಶ್ನೆ: ಬೋಳಾದ ಜಾಗಕ್ಕೇನು ಮಾಡುವುದು? ಉಂಬೆರ್ತೊ ಬಾಲ್ದೀನಿ ಮತ್ತು ಒರ್ನೆಲ್ಲಾ ಕಸಾಜ್ಜ ಎಂಬ ಇಬ್ಬರು ಇದಕ್ಕೊಂದು ಹೊಸ ಉಪಾಯ ಕಂಡುಹಿಡಿದರು. ಕಳೆದುಹೋದ ಆಕೃತಿಯನ್ನು ಊಹಿಸಿ ಬರೆಯಲಿಲ್ಲ. ಹಾಗೆಂದು ಬಿಳಿಯ ಗಾಯವಾಗಿಯೂ ಬಿಡಲಿಲ್ಲ. ಚಿತ್ರದಲ್ಲಿ ಉಳಿದಿರುವ ಬಣ್ಣಗಳಿಗೆ ಹೊಂದುವಂಥ ಕೆಲವೇ ವರ್ಣಗಳನ್ನು ಆರಿಸಿ, ಕೂದಲೆಳೆಯಂಥ ಗೆರೆಗಳನ್ನು ಒಂದರ ಮೇಲೊಂದು ಹೆಣೆದು ಆ ಜಾಗಗಳನ್ನು ಮುಚ್ಚಿದರು. ದೂರ ನಿಂತರೆ ಅದೊಂದು ಮಸುಕು ಛಾಯೆ. ಕಣ್ಣು ಅದನ್ನು ದಾಟಿಕೊಂಡು ಚಿತ್ರಕ್ಕೆ ಹೋಗುತ್ತದೆ. ಹತ್ತಿರ ಹೋದರೆ ಬರಿಯ ಗೆರೆಗಳು; ಅಲ್ಲಿ ಕಣ್ಣಿಲ್ಲ, ತುಟಿಯಿಲ್ಲ. ಇಲ್ಲಿ ಇದ್ದದ್ದು ಹೋಯಿತು ಎಂದು ಆ ಗೆರೆಗಳು ಒಪ್ಪಿಕೊಂಡುಬಿಡುತ್ತವೆ. 1976ರಲ್ಲಿ ಶಿಲುಬೆ ಸಾಂತಾ ಕ್ರೋಚೆಗೆ ಮರಳಿತು. ಈಗ ಅದನ್ನು ಅರ್ಚಕರ ವಸ್ತ್ರಾಗಾರದಲ್ಲಿ, ನೆಲದಿಂದ ಬಹಳ ಮೇಲೆ ತೂಗುಹಾಕಿದ್ದಾರೆ. ನದಿಯನ್ನು ಅವರು ಕ್ಷಮಿಸಿರಬಹುದು, ನಂಬಿಲ್ಲ.

ನಾನು ಅದರ ಕೆಳಗೆ ಬಹಳ ಹೊತ್ತು ನಿಂತಿದ್ದೆ. ನಮ್ಮ ಹುಡುಗನಿಗೆ ಬೇಸರವಾಗಿರಬೇಕು. “ಮಾಮ, 1966ಕ್ಕೆ ಮುಂಚೆ ಇದರ ಫೋಟೊ ತೆಗೆದಿದ್ದಾರಲ್ಲವೆ?” ಎಂದ. ತೆಗೆದಿದ್ದಾರೆ ಎಂದೆ. “ಹಾಗಾದರೆ ಕಣ್ಣು ಎಲ್ಲಿತ್ತು, ತುಟಿ ಹೇಗಿತ್ತು ಎಂಬುದೆಲ್ಲ ಗೊತ್ತು. ಇವತ್ತಿನ ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ತುಂಬಬಹುದು. ಇದನ್ನು ಹೀಗೆ ಕುರೂಪ ಮಾಡಿ ಏಕೆ ತೂಗುಹಾಕಬೇಕು? ಭಕ್ತಿಯಿಂದ ಬಂದವರು ಮುಖವಿಲ್ಲದ ದೇವರಿಗೆ ಕೈಮುಗಿಯಬೇಕೆ?”

ಪ್ರಶ್ನೆ ಹಗುರವಾದದ್ದಲ್ಲ. ಆ ಗೆರೆಗಳ ಹೆಣಿಗೆಯನ್ನು ಒಪ್ಪದ ವಿದ್ವಾಂಸರು ಯೂರೋಪಿನಲ್ಲಿಯೇ ಇದ್ದಾರೆ. ದೇವರ ವಿಗ್ರಹ ಭಿನ್ನವಾದರೆ ಪೂಜೆಗೆ ಸಲ್ಲದೆಂದು ತಿಳಿದಿರುವ ನಾಡಿನಿಂದ ಹೋದ ನನಗೆ ಅವನ ಕೊನೆಯ ಮಾತು ತಾಕದೆ ಇರಲಿಲ್ಲ. ಉತ್ತರ ಹೇಳದೆ ಅವನನ್ನು ಇಗರ್ಜಿಯ ಒಳಗೇ ಇನ್ನೊಂದು ಕಡೆಗೆ ಕರೆದುಕೊಂಡುಹೋದೆ.

ಅಲ್ಲಿ ಗರ್ಭಗುಡಿಯ ಬಲಕ್ಕೆ ಎರಡು ಚಿಕ್ಕ ಗುಡಿಗಳಿವೆ. ಅವುಗಳನ್ನು ಕಟ್ಟಿಸಿದವರು ಬಾರ್ದಿ, ಪೆರುತ್ಸಿ ಎಂಬ ಲೇವಾದೇವಿಯ ಮನೆತನದವರು. ಗೋಡೆಗಳ ಮೇಲೆ ಬರೆದವನು ಜಿಯೊಟ್ಟೊ. 18ನೆಯ ಶತಮಾನದಲ್ಲಿ ಯಾರಿಗೋ ಇವು ಹಳತೆನಿಸಿ ಮೇಲೆ ಸುಣ್ಣ ಬಳಿಸಿದರು. ಗೋಡೆಗೆ ಒತ್ತಿ ಸಮಾಧಿಗಳನ್ನು ಕಟ್ಟಿದರು. 19ನೆಯ ಶತಮಾನದ ಮಧ್ಯದಲ್ಲಿ ಸುಣ್ಣ ಕೆರೆದಾಗ ಚಿತ್ರಗಳು ಮತ್ತೆ ಕಂಡವು. ಆಗ ಗಯೆತಾನೊ ಬಿಯಾಂಕಿ ಎಂಬ ಚಿತ್ರಗಾರ, ಹೋದದ್ದನ್ನೆಲ್ಲ ತನ್ನ ಕೈಯಿಂದ ಅಚ್ಚುಕಟ್ಟಾಗಿ ತುಂಬಿಕೊಟ್ಟ. ನೂರು ವರ್ಷ ಜನ ಅದರ ಮುಂದೆ ನಿಂತು ಜಿಯೊಟ್ಟೊನನ್ನು ಹೊಗಳಿದರು. ಎಷ್ಟೋ ಸಲ ಅವರು ಹೊಗಳಿದ್ದು ಬಿಯಾಂಕಿಯನ್ನು. ಕೊನೆಗೆ 1958ರಿಂದ ಮುಂದೆ ಆ ತುಂಬುಗೆಯನ್ನೆಲ್ಲ ತೆಗೆದುಹಾಕಿದರು. ಇಂದು ಸಂತ ಫ್ರಾನ್ಸಿಸನ ಮರಣದ ಚಿತ್ರದ ಮೇಲೆ ಹಳೆಯ ಸಮಾಧಿ ಕಟ್ಟಿದ್ದ ಜಾಗ ಅದೇ ಆಕಾರದಲ್ಲಿ ಬೋಳಾಗಿ ನಿಂತಿದೆ. ನೋಡಿದರೆ ಸಂಕಟವಾಗುತ್ತದೆ. ಆದರೆ ಶೋಕಿಸುತ್ತಿರುವ ಆ ಸನ್ಯಾಸಿಗಳಲ್ಲಿ ಯಾರನ್ನು ಕಂಡೆವೋ ಅವರು ಜಿಯೊಟ್ಟೊ ಕಂಡವರೇ.

ನನ್ನ ಕಸುಬಿನಲ್ಲಿ ಈ ಸಂಕಟ ನಿತ್ಯದ್ದು. ಶಾಸನಗಳ ಸಂಪುಟಗಳನ್ನು ಬಿಡಿಸಿದವರಿಗೆ ಗೊತ್ತು, ಸಾಲಿನ ನಡುವೆ ಚುಕ್ಕೆಗಳು ಬರುತ್ತವೆ: ಅಲ್ಲಿ ಕಲ್ಲು ಸವೆದಿದೆ. ಹಳೆಯ ಕಾವ್ಯಗಳಲ್ಲೂ ಅಷ್ಟೆ. ಗರಿಯನ್ನು ಹುಳು ತಿಂದಲ್ಲಿ ಸಂಪಾದಕ ಚುಕ್ಕೆಯಿಟ್ಟು ಮುಂದೆ ಹೋಗುತ್ತಾನೆ. ಇಡಿಯ ಕಾವ್ಯಗಳೇ ಹೋದದ್ದುಂಟು. ರನ್ನನ ಪರಶುರಾಮಚರಿತ ನಮಗೆ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ, ಬೇರೆಯವರು ಎತ್ತಿಕೊಂಡ ಕೆಲವು ಪದ್ಯಗಳಷ್ಟೇ ಆಗಿ ಉಳಿದಿವೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಜಾಣ ಹುಡುಗನೊಬ್ಬ ಅಂಥ ಚುಕ್ಕೆಗಳಿದ್ದ ಒಂದು ಕಂದಪದ್ಯವನ್ನು ತಾನೇ ಪೂರ್ತಿಮಾಡಿ ತಂದಿದ್ದ. ಗಣ ಎಣಿಸಿದೆ, ಸರಿಯಾಗಿತ್ತು. ಪ್ರಾಸವೂ ಕೂಡಿತ್ತು. ಹಳಗನ್ನಡದ ಹದ ಅವನ ಕೈಗೆ ಬಂದಿತ್ತೆಂದು ನಿಜವಾಗಿ ಸಂತೋಷವಾಯಿತು. “ಇದನ್ನು ಬೇರೆ ಹಾಳೆಯಲ್ಲಿ ಬರೆದು ಕೆಳಗೆ ನಿನ್ನ ಹೆಸರು ಹಾಕು” ಎಂದೆ. ಅವನ ಮುಖ ಸಣ್ಣದಾಯಿತು. “ಛಂದಸ್ಸು ಸರಿಯಾಗಿದೆಯಲ್ಲ ಸಾರ್?” ಎಂದ. ಸರಿಯಾಗಿರುವುದೇ ತೊಂದರೆ ಎಂದು ಅವನಿಗೆ ವಿವರಿಸಬೇಕಾಯಿತು. ತಪ್ಪಾಗಿ ತುಂಬಿದರೆ ಮುಂದಿನವರು ಕಂಡುಹಿಡಿದು ತೆಗೆದುಹಾಕುತ್ತಾರೆ. ಚೆನ್ನಾಗಿ ತುಂಬಿದರೆ ಅದು ಕವಿಯ ಮಾತೇ ಆಗಿಬಿಡುತ್ತದೆ. ಆಮೇಲೆ ನಿಜವಾದ ಪಾಠವನ್ನು ಹುಡುಕುವವರೇ ಇರುವುದಿಲ್ಲ.

ನಾನು ಇದನ್ನೆಲ್ಲ ಹೇಳುತ್ತಿದ್ದಂತೆ ನಮ್ಮ ಎಂಜಿನಿಯರ್ ಸುಮ್ಮನಿರಲಿಲ್ಲ. ಇಗರ್ಜಿಯಿಂದ ಹೊರಬಂದು ನದಿಯ ದಂಡೆಯಲ್ಲಿ ನಡೆಯುತ್ತ, ಹಳೆಯ ಸೇತುವೆಗೆ ಆಚಿನ ಸಾಂತಾ ತ್ರಿನಿತಾ ಸೇತುವೆಯನ್ನು ಬೊಟ್ಟುಮಾಡಿ ತೋರಿಸಿದ. ಅಮ್ಮಾನಾತಿ 16ನೆಯ ಶತಮಾನದಲ್ಲಿ ಕಟ್ಟಿದ ಸೇತುವೆ ಅದು. ಅದರ ಮೂರು ಕಮಾನುಗಳ ಬಾಗು ಎಂಥ ಅರಸಿಕನನ್ನೂ ಒಂದು ಗಳಿಗೆ ನಿಲ್ಲಿಸುತ್ತದೆ. 1944ರ ಆಗಸ್ಟಿನಲ್ಲಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಊರಿನ ಸೇತುವೆಗಳಲ್ಲಿ ಹಳೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಸ್ಫೋಟಿಸಿತು, ಇದೂ ಹೋಯಿತು. ಯುದ್ಧ ಮುಗಿದ ಮೇಲೆ ಜನ ಹಟ ಹಿಡಿದು, ನದಿಯಲ್ಲಿ ಬಿದ್ದ ಕಲ್ಲುಗಳನ್ನು ಎತ್ತಿಸಿ, ಸಾಲದೆ ಬಂದದ್ದಕ್ಕೆ ಹೊಸದಾಗಿ ಕಲ್ಲು ತೆಗೆಸಿ, ಇದ್ದಲ್ಲೇ ಇದ್ದಂತೆಯೇ ಮತ್ತೆ ಕಟ್ಟಿಸಿದರು. 1958ರಲ್ಲಿ ಸೇತುವೆ ಮುಗಿಯಿತು. “ಇದಕ್ಕೊಂದು ನ್ಯಾಯ, ಚಿತ್ರಕ್ಕೊಂದು ನ್ಯಾಯವೆ?” ಎಂದು ಅವನು ಕೇಳಿದ.

ಸೇತುವೆಗೆ ಅಳತೆಯುಂಟು. ಅಳತೆ ಸಿಕ್ಕಿದರೆ, ಕಲ್ಲು ಅದೇ ಆದರೆ, ಇನ್ನೊಬ್ಬನ ಕೈಯಿಂದಲೂ ಅದೇ ಸೇತುವೆ ಬಂದೀತು. ಅಮ್ಮಾನಾತಿಯೇ ಕೂಡ ಪ್ರತಿಯೊಂದು ಕಲ್ಲನ್ನೂ ತಾನೇ ಕಡೆಯಲಿಲ್ಲ. ಅಲ್ಲದೆ ಆಚೆ ದಡಕ್ಕೆ ಹೋಗುವವನಿಗೆ ಚುಕ್ಕೆಗಳಿಟ್ಟ ಸೇತುವೆ ಉಪಯೋಗವಿಲ್ಲ. ಚಿಮಾಬೂವೆಯ ಕುಂಚ ಒಂದು ಬೆಳಗ್ಗೆ ಹಲಗೆಯ ಮೇಲೆ ಹೀಗೆ ಹೊರಳಿತೆಂಬುದಕ್ಕೆ ಅಳತೆಯಿಲ್ಲ. ಫೋಟೊ ಆ ಹೊರಳಿನ ನೆನಪನ್ನು ಇಟ್ಟುಕೊಳ್ಳಬಲ್ಲದು. ಆ ನೆನಪಿಗೆ ಪುಸ್ತಕದಲ್ಲಿ ಜಾಗವಿದೆ, ಪಕ್ಕದ ಗೋಡೆಯ ಮೇಲೆ ಜಾಗವಿದೆ. ಹಲಗೆಯ ಮೇಲೆ ಇಲ್ಲ.

ಇಷ್ಟು ಹೇಳಿಯೂ ಅವನು ಒಪ್ಪಿದನೆಂದು ಹೇಳಲಾರೆ. ಆದರೆ ಆ ಸೇತುವೆಯ ಕಥೆಯಲ್ಲೇ ನನ್ನ ಪರವಾದ ಸಾಕ್ಷಿಯೊಂದಿತ್ತು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಋತುಗಳ ವಿಗ್ರಹಗಳಿವೆ. 1608ರಲ್ಲಿ ರಾಜಕುಮಾರನೊಬ್ಬನ ಮದುವೆಯ ಸಂಭ್ರಮಕ್ಕೆ ನಿಲ್ಲಿಸಿದ್ದು. ಸ್ಫೋಟದಲ್ಲಿ ಅವೂ ಬಿದ್ದವು. ತುಂಡುಗಳನ್ನೆಲ್ಲ ಹೆಕ್ಕಿ ಕೂಡಿಸಿದರೂ ವಸಂತದೇವಿಯ ತಲೆ ಮಾತ್ರ ಸಿಗಲಿಲ್ಲ. ಯಾರೋ ಸೈನಿಕ ಹೊತ್ತುಕೊಂಡು ಹೋದನೆಂದು ಗಾಳಿಸುದ್ದಿ. ತಂದುಕೊಟ್ಟವರಿಗೆ ಬಹುಮಾನವೆಂದು ಸಾರಿದರೂ ಫಲವಾಗಲಿಲ್ಲ. ಫ್ಲಾರೆನ್ಸಿನಲ್ಲಿ ಒಂದು ತಲೆ ಕಡೆಯಬಲ್ಲ ಶಿಲ್ಪಿಗೇನು ಬರವೆ? ಆದರೂ ಸೇತುವೆ ಮುಗಿದಾಗ ವಸಂತದೇವಿ ರುಂಡವಿಲ್ಲದೆಯೇ ನಿಂತಳು. 1961ರ ಅಕ್ಟೋಬರಿನಲ್ಲಿ ನದಿಯ ತಳದ ಹೂಳೆತ್ತುವಾಗ ಆ ತಲೆ ಸಿಕ್ಕಿತು. ಹದಿನೇಳು ವರ್ಷ ಅದು ನೀರಿನಡಿಯಲ್ಲಿ ಬಿದ್ದಿತ್ತು. ಬಂದಾಗ ಅದರ ಜಾಗ ಖಾಲಿಯಿತ್ತು.

ನಾವು ಅವಳ ಬುಡದಲ್ಲಿ ನಿಂತಾಗ ಸಂಜೆಯ ಬಿಸಿಲು ಕಮಾನುಗಳ ಕೆಳಗಿಳಿದಿತ್ತು. ಕುತ್ತಿಗೆಯಲ್ಲಿ ಕೂಡಿಸಿದ ಗೆರೆ ಕಣ್ಣಿಟ್ಟವರಿಗೆ ಕಾಣುತ್ತದೆ. ಹುಡುಗ ಫೋನನ್ನು ಮೇಲೆತ್ತಿ ಆ ಗೆರೆಯದೊಂದು ಚಿತ್ರ ತೆಗೆದುಕೊಂಡ.