ಮಗ್ಗಕ್ಕೇನು ಎಣ್ಣೆಯ ಹಂಗು?

ಬನಹಟ್ಟಿಯಲ್ಲಿ ಜನರ ದನಿ ಸ್ವಲ್ಪ ಜೋರು. ಗಲ್ಲಿಗಲ್ಲಿಗೂ ಪವರ್‌ಲೂಮ್‌ಗಳ ಖಟಪಟ ಇರುವಾಗ ಮೆಲ್ಲಗೆ ಮಾತಾಡಿದರೆ ಎದುರಿನವರಿಗೆ ಕೇಳುವುದಾದರೂ ಹೇಗೆ? ಅಂಥದೇ ದನಿಯಲ್ಲಿ ಚಹಾದಂಗಡಿಯ ಮುಂದೆ ಒಬ್ಬ ಹುಡುಗ ಹಿರಿಯ ನೇಕಾರರನ್ನು ಕೇಳುತ್ತಿದ್ದ: "ಕಾಕಾ, ಕಚ್ಚಾತೈಲ ತುಟ್ಟಿ ಆಗೇತಿ ಅಂತ ಟೀವ್ಯಾಗ ಹೇಳಾಕತ್ತಾರ. ನಮ್ಮ ಮಗ್ಗ ಕರೆಂಟಿನ ಮ್ಯಾಲ ನಡಿತಾವ, ನಮಗೇನ್ ಆಗತೈತಿ?"

"ನೂಲಿನ ಅಂಗಡಿಗೆ ಹೋಗಿ ರೇಟ್ ಕೇಳಿ ಬಾ ತಮ್ಮಾ."

ಕಾಕಾ ಹೇಳಿದ್ದು ಸರಿ. ಹಿಂದೆ ಹಾಸಿಗೂ ಹತ್ತಿ, ಹೊಕ್ಕಿಗೂ ಹತ್ತಿ. ಈಗ ಸೀರೆಯೊಳಗೆ ಪಾಲಿಯೆಸ್ಟರ್ ಬಂದು ಸೇರಿಕೊಂಡಿದೆ. ಅದು ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಕಚ್ಚಾತೈಲದಿಂದ ನಾಫ್ತಾ, ನಾಫ್ತಾದಿಂದ ಪ್ಯಾರಾಕ್ಸೈಲೀನ್, ಅದರಿಂದ ಪಿಟಿಎ ಎಂಬ ಬಿಳಿ ಪುಡಿ. ಅದಕ್ಕೆ ಗ್ಲೈಕಾಲ್ ಕೂಡಿಸಿ, ಕರಗಿಸಿ, ಸಣ್ಣ ತೂತುಗಳಿಂದ ಎಳೆದರೆ ಎಳೆ ಸಿದ್ಧ. ಗ್ಲೈಕಾಲೂ ಹೆಚ್ಚಾಗಿ ಎಣ್ಣೆ, ಅನಿಲಗಳಿಂದಲೇ ಬರುವುದು. ನೂಲು ಸುತ್ತಿದ ಪ್ಲಾಸ್ಟಿಕ್ ಕೋನು, ಸೀರೆ ತುಂಬುವ ಚೀಲ, ಮಾಲು ಒಯ್ಯುವ ಲಾರಿಯ ಡೀಸೆಲ್, ಬೆಳಿಗ್ಗೆ ಮಗ್ಗ ಚಾಲೂ ಮಾಡುವ ಮುನ್ನ ಮೂತಿಯ ಡಬ್ಬಿಯಿಂದ ಅದರ ಕೀಲುಗಳಿಗೆ ಬಿಡುವ ಎಣ್ಣೆ, ಎಲ್ಲದರ ಮೂಲವೂ ಅದೇ.

ನೂಲಿನ ದರ ಕೆಲವೇ ವಾರಗಳಲ್ಲಿ ಏರುತ್ತದೆ. ಸೀರೆಯ ದರ ಹಾಗೆ ಏರಿಸಲು ಬರುವುದಿಲ್ಲ. ಏರಿಸಿದರೆ ಹೊರಗಿನ ವ್ಯಾಪಾರಿ ಆರ್ಡರ್ ಕಡಿಮೆ ಮಾಡುತ್ತಾನೆ. ಮಾಲೀಕ ಒಂದು ಪಾಳಿ ನಿಲ್ಲಿಸುತ್ತಾನೆ. ಕಂಡಿಕೆ ಸುತ್ತುವ ಹೆಂಗಸಿಗೂ ಅಂದು ಕೆಲಸವಿಲ್ಲ. ಜಾಗತಿಕ ಅರ್ಥವ್ಯವಸ್ಥೆ ಎಂಬ ದೊಡ್ಡ ಮಾತು ಆ ಮನೆಯ ಸಂತೆಚೀಲದಲ್ಲಿ ಹೀಗೆ ಅರ್ಥವಾಗುತ್ತದೆ.

ಎಣ್ಣೆ ಏಕೆ ತುಟ್ಟಿಯಾಗುತ್ತದೆ? ಅದು ತೀರಿಹೋಗುತ್ತದೆ ಎಂಬ ಭಯ ಹಳೆಯದು. ಅಮೆರಿಕದ ಭೂವಿಜ್ಞಾನಿ ಹಬರ್ಟ್ 1956ರಲ್ಲೇ ತನ್ನ ದೇಶದ ಉತ್ಪಾದನೆ 1970ರ ಹೊತ್ತಿಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದಿದ್ದ. 1970ರಲ್ಲಿ ಹಾಗೆಯೇ ಆಯಿತು. ಆಮೇಲೆ ಬಂಡೆ ಒಡೆದು ಶೇಲ್ ಎಣ್ಣೆ ತೆಗೆದು ಅಮೆರಿಕ ಆ ಶಿಖರವನ್ನೂ ದಾಟಿತು. ಆದರೆ ಬಂಡೆಯೊಳಗಿನ ಎಣ್ಣೆ ಸೋವಿಯಲ್ಲ. ನನಗೆ ಅನಿಸುವುದು, ಮುಗಿಯುತ್ತಿರುವುದು ಸೋವಿ ಎಣ್ಣೆ. 1973ರಲ್ಲಿ ಅರಬ್ ದೇಶಗಳು ಕೈ ಬಿಗಿಹಿಡಿದಾಗ ಬ್ಯಾರಲ್ಲಿಗೆ 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. 2008ರ ಜುಲೈನಲ್ಲಿ 147. ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ತರುವ ನಮ್ಮ ದೇಶಕ್ಕೆ ಇಂಥ ಏರಿಕೆ ರೂಪಾಯಿಯ ಬೆಲೆಯನ್ನೂ ಜಗ್ಗುತ್ತದೆ.

ಇಳಿದಾಗಲಾದರೂ ಲಾಭವಾಯಿತೇ? 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದೆ ದರ ಸೊನ್ನೆಗಿಂತ ಕೆಳಗಿಳಿಯಿತು. ಮರುತಿಂಗಳೇ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಲೀಟರಿಗೆ 10, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಏರಿಕೆ ಪೂರ್ತಿ ಕೆಳಗಿನವನಿಗೆ, ಇಳಿಕೆ ಮೇಲೆಯೇ ಉಳಿಯುತ್ತದೆ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಎಣ್ಣೆಗೆ ಬದಲಿ ಇಲ್ಲವೇ? ಊರು ದಾಟಿದರೆ ಕಬ್ಬು. ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಹತ್ತಿರದ ಸಮೀರವಾಡಿಯಂಥ ಕಡೆ ಕಬ್ಬಿನಿಂದ ಎಥೆನಾಲ್ ಆಗುತ್ತದೆ, ಪೆಟ್ರೋಲಿಗೆ ಸೇರುತ್ತದೆ. 2022ರಲ್ಲಿ ಶೇ. 10 ಇದ್ದ ಮಿಶ್ರಣ 2025ರಲ್ಲಿ ಶೇ. 20 ಮುಟ್ಟಿತು. ರೈತನಿಗೆ ಒಂದು ಹೊಸ ಗಿರಾಕಿ ಸಿಕ್ಕಿತು, ಒಳ್ಳೆಯದೇ. ಆದರೆ ಕಬ್ಬಿಗೆ ನೀರು ಕೃಷ್ಣೆಯದು. ಬೇಸಿಗೆಯಲ್ಲಿ ಅದು ಬತ್ತಿದರೆ ಕೊಯ್ನಾ ಜಲಾಶಯದಿಂದ ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಬೇಕು. ಮಳೆ ಕೈಕೊಟ್ಟ 2023ರಲ್ಲಿ, ಡಿಸೆಂಬರ್ ಹೊತ್ತಿಗೆ, ಸಕ್ಕರೆ ಸಾಲದೆಂದು ಕಬ್ಬಿನ ರಸದ ಎಥೆನಾಲಿಗೆ ಸರ್ಕಾರವೇ ಕಡಿವಾಣ ಹಾಕಿತು. ಇನ್ನು ಆ ಕಬ್ಬಿಗೆ ಹಾಕುವ ಯೂರಿಯಾ ಅನಿಲದ್ದು, ಸಾಗಿಸುವ ಡೀಸೆಲ್ ಮತ್ತೆ ಕಚ್ಚಾತೈಲದ್ದೇ.

ಮಗ್ಗದ ಶೆಡ್ಡುಗಳ ತಗಡಿನ ಮೇಲೆ ಸೌರಫಲಕ ಹಾಕಬಹುದು, ಹಗಲಿನ ಕರೆಂಟಿನ ಚಿಂತೆ ಕಡಿಮೆಯಾದೀತು. ನೂಲಿನ ದರಕ್ಕೆ ಅದರಿಂದ ಏನೂ ಆಗದು. ನೂಲು ಏರಿದಾಗ ಅದರ ಜೊತೆಗೇ ಮಜೂರಿಯೂ ಏರುವಂತೆ ಲೆಕ್ಕ ಕಟ್ಟಿ ಬರೆದಿಡಬೇಕು. ಬಸ್ಸಿನ ಟಿಕೀಟು ಡೀಸೆಲ್ ನೋಡಿ ಏರುವುದಾದರೆ ನೇಕಾರನ ಮಜೂರಿ ಏಕೆ ಏರಬಾರದು?