ಮೆದುಳಿನ ನಾಟಿ

ಕಂಪವಾತವೆಂಬ ಹೆಸರು ನಮ್ಮ ವೈದ್ಯಗ್ರಂಥಗಳಿಗೆ ಹೊಸತಲ್ಲ. ಪಾಶ್ಚಾತ್ಯರಲ್ಲಿ ಅದರ ಲಕ್ಷಣಗಳನ್ನು ೧೮೧೭ರಲ್ಲಿ ಕೂಡಿಸಿ ವಿವರಿಸಿದವನು ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್. ನಮ್ಮಂತಹ ಉಪಾಧ್ಯಾಯರಲ್ಲಿ ಈ ರೋಗವು ಕೈನಡುಕಕ್ಕಿಂತ ಮೊದಲೇ ಅಕ್ಷರಗಳಲ್ಲಿ ಕಾಣಿಸಿಕೊಳ್ಳುವುದುಂಟು. ಸಾಲಿನ ಆರಂಭದಲ್ಲಿ ದುಂಡಗಿದ್ದ ಬರೆಹ ಕೊನೆಗೆ ಬರುವಾಗ ಸಾಸಿವೆಯಷ್ಟಾಗುತ್ತದೆ. ಕಾಸರಗೋಡಿನ ಕಡೆಯ ಶಾಲೆಯೊಂದರಲ್ಲಿ ನನ್ನೊಡನಿದ್ದ ಹಿರಿಯ ಪಂಡಿತರ ಕರಿಹಲಗೆಯ ಬರೆಹ ಹೀಗೆಯೇ ಕುಗ್ಗತೊಡಗಿತು. ಹಿಂದಿನ ಬೆಂಚಿನ ಹುಡುಗರು ಸದ್ದಿಲ್ಲದೆ ಮುಂದೆ ಬಂದು ಕುಳಿತರು. ಗುರುಗಳಿಗೆ ಏನನ್ನೂ ಹೇಳಲಿಲ್ಲ.

ನಿವೃತ್ತರಾದ ಮೇಲೆ ಅವರು ನನ್ನನ್ನು ಕೇಳಿದರು: “ಮಾಷ್ಟ್ರೇ, ಮೆದುಳಿಗೆ ಹೊಸ ಜೀವಕೋಶಗಳನ್ನು ನೆಡುತ್ತಾರಂತೆ, ನಿಜವೇ?”

ನಿಜ. ಚಲನೆಗೆ ಬೇಕಾದ ಡೋಪಮೀನ್ ಎಂಬ ದ್ರವ್ಯವನ್ನು ಒದಗಿಸುವ ಕೋಶಗಳು ನಡುಮೆದುಳಿನಲ್ಲಿವೆ. ಅವು ಸಾಯುವುದರಿಂದ ಈ ಸಂಕಟ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ತುಂಬುವುದಾದರೂ ವರ್ಷಗಳು ಕಳೆದಂತೆ ಅದರ ಹಿಡಿತ ಸಡಿಲುತ್ತದೆ. ಸ್ವೀಡನ್ನಿನ ಲುಂಡ್ ನಗರದ ವೈದ್ಯರು ೧೯೮೭ರಲ್ಲಿ, ಗರ್ಭಪಾತದಿಂದ ದೊರೆತ ಭ್ರೂಣಗಳ ಕೋಶಗಳನ್ನು ರೋಗಿಗಳ ಮೆದುಳಿನಲ್ಲಿ ನೆಡತೊಡಗಿದರು. ಇದನ್ನು ಕಸಿ ಎನ್ನುವುದು ವಾಡಿಕೆ. ನನಗೆ ನಾಟಿಯೆಂಬ ಮಾತೇ ಹೆಚ್ಚು ಒಪ್ಪುತ್ತದೆ. ಎಳೆಯ ನೇಜಿಯೇ ಚೆನ್ನಾಗಿ ಬೇರೂರುವುದಷ್ಟೆ. ಈ ಕೋಶಗಳೂ ಹಾಗೆಯೇ. ವಿಚಿತ್ರವೆಂದರೆ, ಹಳೆಯವು ಸತ್ತ ಜಾಗದಲ್ಲಿ ಇವನ್ನು ನೆಡುವುದಿಲ್ಲ, ಡೋಪಮೀನ್ ಹೋಗಿ ಮುಟ್ಟಬೇಕಾದ ಗದ್ದೆಯಲ್ಲಿಯೇ ನೆಡುತ್ತಾರೆ. ಲುಂಡ್‌ನ ರೋಗಿಗಳಲ್ಲಿ ಕೆಲವರು ಬಹಳ ಚೇತರಿಸಿಕೊಂಡರು.

ಆದರೆ ಗುಣವಾದುದು ಕೋಶಗಳಿಂದಲೋ ನಂಬಿಕೆಯಿಂದಲೋ? ಅಮೆರಿಕದಲ್ಲಿ ೪೦ ಮಂದಿಯ ಮೇಲೆ ನಡೆದು ೨೦೦೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಲ್ಲರ ಹಣೆಯ ಮೂಳೆಯಲ್ಲಿಯೂ ರಂಧ್ರ ಕೊರೆದರು. ಅರ್ಧ ಜನರಿಗೆ ಮಾತ್ರ ಕೋಶಗಳು ಸಂದುವು. ಉಳಿದವರಲ್ಲಿ ಸೂಜಿ ಮೆದುಳಿನ ಹೊದಿಕೆಯನ್ನೂ ದಾಟಲಿಲ್ಲ. ತಾನು ಯಾವ ಪಂಗಡದವನೆಂಬುದು ರೋಗಿಗೆ ತಿಳಿಯದು.

“ಅದು ವಂಚನೆಯಲ್ಲವೇ?” ಎಂದರು ಪಂಡಿತರು. ಎರಡರಲ್ಲಿ ಯಾವುದಾದರೂ ಆಗಬಹುದೆಂದು ತಿಳಿದೇ ಅವರು ಒಪ್ಪಿದ್ದರೆಂದೂ, ಬರಿಯ ರಂಧ್ರ ಪಡೆದವರಿಗೆ ಬಳಿಕ ಕೋಶಗಳನ್ನು ಪಡೆಯುವ ಅವಕಾಶವಿತ್ತೆಂದೂ ಹೇಳಿದೆ. ಅವರು ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿಕೊಂಡು, “ಒಪ್ಪಿದವರು ಎದೆಗಾರರು” ಎಂದಷ್ಟೇ ನುಡಿದರು.

ಫಲಿತಾಂಶ ಉತ್ಸಾಹವನ್ನು ತಗ್ಗಿಸಿತು. ಅರುವತ್ತರೊಳಗಿನವರಿಗೆ ತುಸು ಪ್ರಯೋಜನವಾಯಿತು, ಅದರಾಚೆಯವರಿಗೆ ಆಗಲಿಲ್ಲ. ಕೋಶಗಳನ್ನು ಪಡೆದ ೩೩ ಮಂದಿಯಲ್ಲಿ ಐವರಿಗೆ ಮಾತ್ರೆ ತಗ್ಗಿಸಿದರೂ ನಿಲ್ಲದ ಅಂಗಚೇಷ್ಟೆ ಅಂಟಿಕೊಂಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ೨೦೦೪ರ ಇನ್ನೊಂದು ವರದಿ: ಅದೇ ರೋಗಿಗಳಲ್ಲಿ, ಕೋಶಗಳು ತಮಗೆ ದೊರೆತುವೆಂದು ನಂಬಿದವರು, ನಿಜವಾಗಿ ದೊರೆಯದಿದ್ದರೂ, ತಮ್ಮ ಬಾಳು ಹಸನಾಯಿತೆಂದು ಹೇಳಿದ್ದರು. ಈ ಭಾಗವನ್ನು ಕೇಳಿ ಪಂಡಿತರು ನಕ್ಕರು. ತಮಗೆ ಎಪ್ಪತ್ತನಾಲ್ಕಾದುದನ್ನು ಅವರೇ ನೆನಪಿಸಿದರು.

ಭ್ರೂಣಗಳಿಗಾಗಿ ಕಾಯುವ ಕಷ್ಟ ಈಗ ತಗ್ಗಿದೆ. ಬೆಳೆದ ಕೋಶವನ್ನು ಮೂಲಸ್ಥಿತಿಗೆ ಮರಳಿಸುವ ಉಪಾಯವನ್ನು ಜಪಾನಿನ ಯಾಮಾನಾಕಾ ೨೦೦೬ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು. ಆ ದಾರಿಯಲ್ಲಿ ಬೆಳೆಸಿದ ಕೋಶಗಳನ್ನು ಕ್ಯೋಟೋದಲ್ಲಿ ಏಳು ಮಂದಿಗೆ ನೆಟ್ಟರು. ೨೦೨೫ರ ವರದಿಯಂತೆ, ಪರಿಣಾಮವನ್ನು ಅಳೆದ ಆರು ಮಂದಿಯಲ್ಲಿ ನಾಲ್ವರ ಚಲನೆ, ಮಾತ್ರೆಯಿಲ್ಲದ ಹೊತ್ತಿನಲ್ಲಿಯೂ, ಸುಧಾರಿಸಿತ್ತು, ಗೆಡ್ಡೆ ಬೆಳೆಯಲಿಲ್ಲ. ಅಲ್ಲಿ ಬರಿಯ ರಂಧ್ರದ ಪಂಗಡವಿರಲಿಲ್ಲ. ಭ್ರೂಣಮೂಲದ ಕಾಂಡಕೋಶಗಳಿಂದ ಬೆಳೆಸಿದ ಇನ್ನೊಂದು ಬಗೆಯ ನಾಟಿಯನ್ನು ಉತ್ತರ ಅಮೆರಿಕದಲ್ಲಿ ೧೨ ಮಂದಿಗೆ ಮಾಡಿದ್ದರು. ಅದರ ದೊಡ್ಡ ಪರೀಕ್ಷೆ ೨೦೨೫ರಲ್ಲಿ ಮೊದಲಾಯಿತು. ಅದರಲ್ಲಿ ಕೆಲವರ ತಲೆಬುರುಡೆಗೆ ಮತ್ತೆ ಹುಸಿ ಶಸ್ತ್ರಕ್ರಿಯೆಯೇ.